ಒಂದು ಹೆಸರು, ಇಬ್ಬರು ವಾರಸುದಾರರು

ಕಂಪ್ಯೂಟರ್ ಜಗತ್ತಿನ ಒಂದು ದೊಡ್ಡ ಚಳವಳಿಗೆ ಕಾರಣವಾದದ್ದು ಕಾಗದ ಸಿಕ್ಕಿಕೊಳ್ಳುತ್ತಿದ್ದ ಒಂದು ಪ್ರಿಂಟರ್. 1980ರ ಸುಮಾರಿಗೆ ಅಮೆರಿಕದ ಎಂಐಟಿ ಸಂಸ್ಥೆಯ ಕೃತಕ ಬುದ್ಧಿಮತ್ತೆ ಪ್ರಯೋಗಾಲಯಕ್ಕೆ ಜೆರಾಕ್ಸ್ ಕಂಪನಿಯ ಹೊಸ ಲೇಸರ್ ಪ್ರಿಂಟರ್ ಬಂತು. ಕಾಗದ ಸಿಕ್ಕಿಕೊಂಡು ಅದು ನಿಂತುಹೋದರೆ ದೂರದಲ್ಲಿ ಕುಳಿತವರಿಗೆ ಗೊತ್ತಾಗುತ್ತಿರಲಿಲ್ಲ. ಹಿಂದಿನ ಪ್ರಿಂಟರಿನಲ್ಲಿಯೂ ಇದೇ ತೊಂದರೆ ಇತ್ತು. ಆದರೆ ಅದರ ತಂತ್ರಾಂಶದ ಮೂಲ ಬರಹ, ಅಂದರೆ ಸೋರ್ಸ್ ಕೋಡ್, ಪ್ರಯೋಗಾಲಯದವರ ಕೈಯಲ್ಲಿತ್ತು. ಅಲ್ಲಿದ್ದ ರಿಚರ್ಡ್ ಸ್ಟಾಲ್ಮನ್ ಅದನ್ನು ತಿದ್ದಿ, ಪ್ರಿಂಟರ್ ನಿಂತೊಡನೆ ಅದಕ್ಕಾಗಿ ಕಾಯುತ್ತಿರುವವರಿಗೆಲ್ಲ ಸೂಚನೆ ಹೋಗುವಂತೆ ಮಾಡಿದ್ದರು. ಹೊಸ ಪ್ರಿಂಟರಿಗೂ ಹಾಗೆಯೇ ಮಾಡಲು ಹೊರಟರೆ ಸೋರ್ಸ್ ಕೋಡ್ ಸಿಗಲಿಲ್ಲ. ಅದನ್ನು ಹೊಂದಿದ್ದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಒಬ್ಬರನ್ನು ಕೇಳಿದಾಗ, ಯಾರಿಗೂ ಕೊಡುವುದಿಲ್ಲವೆಂದು ತಾವು ಮಾತು ಕೊಟ್ಟಿರುವುದಾಗಿ ಹೇಳಿ ಅವರು ನಿರಾಕರಿಸಿದರು.

ಆ ನಿರಾಕರಣೆ ಸ್ಟಾಲ್ಮನ್ ಮನಸ್ಸಿನಲ್ಲಿ ಉಳಿಯಿತು. 1983ರಲ್ಲಿ ಅವರು ಗ್ನು ಯೋಜನೆಯನ್ನು ಪ್ರಕಟಿಸಿದರು. ಯಾರು ಬೇಕಾದರೂ ಓದಬಹುದಾದ, ತಿದ್ದಬಹುದಾದ, ಹಂಚಬಹುದಾದ ಮುಕ್ತ ತಂತ್ರಾಂಶದ ಕಲ್ಪನೆ ಅಲ್ಲಿಂದ ಬೇರುಬಿಟ್ಟಿತು.

ಆ ಜಗಳ ಹುಟ್ಟಿದ್ದು ಒಂದು ಯಂತ್ರವನ್ನು ನಡೆಸುವ ತಂತ್ರಾಂಶದ ಬಗ್ಗೆ. ನಾಲ್ಕು ದಶಕಗಳು ಕಳೆದ ಮೇಲೂ ಮುಕ್ತ ತಂತ್ರಾಂಶದ ಬಳಕೆದಾರರನ್ನು ಹೆಚ್ಚು ಕಾಡಿದ ತೊಂದರೆಗಳಲ್ಲಿ ಒಂದು ಅಂಥದೇ ತಂತ್ರಾಂಶದ್ದು. ಈ ಬಾರಿ ಪ್ರಿಂಟರಿನ ಬದಲು ಪರದೆ. ಲಿನಕ್ಸ್ ಬಳಸುವವರಲ್ಲಿ ಅನೇಕರಿಗೆ ಇದರ ಅನುಭವ ಉಂಟು. ಸಂಜೆ ಹೊಸ ಪ್ಯಾಕೇಜುಗಳನ್ನು ಹಾಕಿಕೊಂಡು ಮಲಗುತ್ತಾರೆ. ಬೆಳಿಗ್ಗೆ ಯಂತ್ರ ಚಾಲೂ ಮಾಡಿದರೆ ಪರದೆ ಕಪ್ಪು. ಕಡತಗಳೆಲ್ಲ ಇವೆ, ಯಂತ್ರ ಕೆಟ್ಟಿಲ್ಲ, ಆದರೆ ನೋಡಲು ಮಾತ್ರ ಸಾಧ್ಯವಿಲ್ಲ. ಪ್ರಬಂಧ ಒಪ್ಪಿಸಬೇಕಾದ ವಿದ್ಯಾರ್ಥಿಗೆ, ಲೆಕ್ಕ ಮುಗಿಸಬೇಕಾದ ಅಂಗಡಿಯವನಿಗೆ ಇದು ಸಣ್ಣ ಸಂಗತಿಯೇನಲ್ಲ.

ಗ್ರಾಫಿಕ್ಸ್ ಡ್ರೈವರ್ ಪ್ಯಾಕೇಜುಗಳ ಘರ್ಷಣೆ ಎಂದು ಕರೆಯಲಾಗುವ ಈ ತೊಂದರೆ ಬಳಕೆದಾರನ ಅಜ್ಞಾನದಿಂದ ಹುಟ್ಟಿದ್ದಲ್ಲ. ಇದಕ್ಕೊಂದು ಇತಿಹಾಸವಿದೆ. ಬೇರೆ ಬೇರೆ ಮನೆಗಳಲ್ಲಿ ಬೆಳೆದ ತಂತ್ರಾಂಶಗಳು ಒಂದೇ ಹೆಸರಿನ ಮೇಲೆ ಹಕ್ಕು ಸಾಧಿಸಿದ ಇತಿಹಾಸ ಅದು. ಅದು ಗೊತ್ತಾದರೆ ದುರಸ್ತಿಯ ದಾರಿಯೂ ತಾನಾಗಿಯೇ ಗೊತ್ತಾಗುತ್ತದೆ.

ಹಲವು ಮನೆಗಳ ಒಂದು ಬಿಡಾರ

ಡ್ರೈವರ್ ಎಂದರೆ ಒಂದು ಬಗೆಯ ದುಭಾಷಿ. ಪರದೆಯ ಮೇಲೆ ಒಂದು ಗೆರೆ ಎಳೆಯಬೇಕೆಂದು ಯಾವುದೋ ತಂತ್ರಾಂಶ ಕೇಳುತ್ತದೆ. ಗ್ರಾಫಿಕ್ಸ್ ಕಾರ್ಡಿಗೆ ಆ ಭಾಷೆ ತಿಳಿಯದು. ಅದಕ್ಕೆ ಗೊತ್ತಿರುವುದು ತನ್ನದೇ ಆದ ಸಂಖ್ಯೆಗಳ ಭಾಷೆ. ಒಂದನ್ನು ಇನ್ನೊಂದಕ್ಕೆ ಮಾರ್ಪಡಿಸಿ ಹೇಳುವುದು ಡ್ರೈವರಿನ ಕೆಲಸ.

ವಿಂಡೋಸ್‌ನಂಥ ವ್ಯವಸ್ಥೆಯ ಮುಖ್ಯ ಭಾಗಗಳೆಲ್ಲ ಒಂದೇ ಕಂಪನಿಯ ಸೂರಿನಡಿ ತಯಾರಾಗುತ್ತವೆ. ಲಿನಕ್ಸ್ ಡೆಸ್ಕ್‌ಟಾಪ್ ಹಾಗಲ್ಲ. ಅದರ ಕರ್ನಲ್, ಅಂದರೆ ಯಂತ್ರದೊಡನೆ ನೇರವಾಗಿ ವ್ಯವಹರಿಸುವ ತಿರುಳು, 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ಆರಂಭಿಸಿದ್ದು. ಪರದೆಯ ಮೇಲೆ ಕಿಟಕಿಗಳನ್ನು ತೋರಿಸುವ ಎಕ್ಸ್ ವ್ಯವಸ್ಥೆ ಅದಕ್ಕೂ ಹಳೆಯದು. 1984ರಲ್ಲಿ ಎಂಐಟಿಯಲ್ಲಿ ಹುಟ್ಟಿದ್ದು. ಮೂರು ಆಯಾಮದ ಚಿತ್ರಗಳನ್ನು ಬಿಡಿಸುವ ಓಪನ್‌ಜಿಎಲ್ ಎಂಬ ವಿಧಾನವನ್ನು 1992ರಲ್ಲಿ ರೂಪಿಸಿದ್ದು ಸಿಲಿಕಾನ್ ಗ್ರಾಫಿಕ್ಸ್ ಕಂಪನಿ. ಆ ವಿಧಾನಕ್ಕೆ ಅನುಗುಣವಾಗಿ, ಆದರೆ ಎಲ್ಲರಿಗೂ ಮುಕ್ತವಾಗಿ ಸಿಗುವಂಥ ಮೆಸಾ ಎಂಬ ತಂತ್ರಾಂಶವನ್ನು ಬ್ರಯಾನ್ ಪಾಲ್ ಎಂಬ ಅಮೆರಿಕನ್ ಪ್ರೋಗ್ರಾಮರ್ 1993ರಲ್ಲಿ ಬರೆಯತೊಡಗಿ 1995ರಲ್ಲಿ ಬಿಡುಗಡೆ ಮಾಡಿದರು.

ಈ ಬಿಡಿ ಭಾಗಗಳನ್ನು ಕಲೆಹಾಕಿ ಬಳಕೆದಾರನಿಗೆ ಒಂದು ಇಡಿಯಾದ ವ್ಯವಸ್ಥೆಯಾಗಿ ಕೊಡುವವರು ಡೆಬಿಯನ್, ರೆಡ್ ಹ್ಯಾಟ್, ಉಬುಂಟು ಮುಂತಾದ ವಿತರಣೆಗಳವರು. 1993ರಲ್ಲಿ ಇಯಾನ್ ಮುರ್ಡಾಕ್ ಆರಂಭಿಸಿದ ಡೆಬಿಯನ್ ಇಂದಿಗೂ ಉಳಿದಿರುವ ಹಳೆಯ ವಿತರಣೆಗಳಲ್ಲಿ ಒಂದು. ವಿತರಣೆಗಳ ಮುಖ್ಯ ಸಾಧನೆ ಎಂದರೆ ಪ್ಯಾಕೇಜ್ ಪದ್ಧತಿ. ಪ್ರತಿಯೊಂದು ತಂತ್ರಾಂಶವೂ ಒಂದು ಕಟ್ಟಿನ ರೂಪದಲ್ಲಿ ಉಗ್ರಾಣದಿಂದ ಬರುತ್ತದೆ. ತನಗೆ ಇನ್ಯಾವ ಪ್ಯಾಕೇಜ್ ಬೇಕು, ಯಾವುದರೊಡನೆ ತಾನು ಕೂಡಿ ಬಾಳಲಾರೆ ಎಂಬುದನ್ನು ಆ ಕಟ್ಟಿನ ಮೇಲೆಯೇ ಬರೆದಿರುತ್ತದೆ. ಯಂತ್ರದಲ್ಲಿರುವ ಯಾವ ಕಡತ ಯಾವ ಪ್ಯಾಕೇಜಿಗೆ ಸೇರಿದ್ದು ಎಂಬ ಲೆಕ್ಕವನ್ನು ಪ್ಯಾಕೇಜ್ ವ್ಯವಸ್ಥೆ ಇಟ್ಟಿರುತ್ತದೆ.

ಹಳ್ಳಿಯ ಜಮೀನಿಗೆ ಪಹಣಿ ಇದ್ದ ಹಾಗೆ ಇದು. ಇಂಥ ಸರ್ವೆ ನಂಬರಿಗೆ ಇಂಥವರು ಖಾತೆದಾರರು ಎಂದು ದಾಖಲೆ ಹೇಳುತ್ತದೆ. ದಾಖಲೆಗೂ ಸ್ವಾಧೀನಕ್ಕೂ ತಾಳೆಯಾಗುತ್ತಿರುವವರೆಗೆ ತಕರಾರಿಲ್ಲ. ದಾಖಲೆಯಲ್ಲಿ ಒಬ್ಬರ ಹೆಸರಿದ್ದು ಉಳುತ್ತಿರುವವರು ಇನ್ನೊಬ್ಬರಾದಾಗ ತಕರಾರು ಶುರುವಾಗುತ್ತದೆ. ಲಿನಕ್ಸ್‌ನಲ್ಲಿ ಆದದ್ದೂ ಇದೇ.

2000ದಲ್ಲಿ ಬಿದ್ದ ಬೀಜ

ತೊಂಬತ್ತರ ದಶಕದ ಕೊನೆಯಲ್ಲಿ ಮೂರು ಆಯಾಮದ ಆಟಗಳಿಗೆಂದೇ ತಯಾರಾದ ಗ್ರಾಫಿಕ್ಸ್ ಕಾರ್ಡುಗಳು ಮನೆಮನೆಯ ಕಂಪ್ಯೂಟರಿಗೆ ಬಂದವು. 1993ರಲ್ಲಿ ಸ್ಥಾಪನೆಯಾದ ಎನ್ವಿಡಿಯಾ ಕಂಪನಿ 1999ರಲ್ಲಿ ಜೀಫೋರ್ಸ್ ಕಾರ್ಡನ್ನು ಹೊರತಂದಿತು. ಹಾಲಿವುಡ್‌ನ ದೃಶ್ಯಚಮತ್ಕಾರದ ಸಂಸ್ಥೆಗಳು ಸಿಲಿಕಾನ್ ಗ್ರಾಫಿಕ್ಸ್‌ನ ದುಬಾರಿ ಯಂತ್ರಗಳನ್ನು ಬಿಟ್ಟು ಲಿನಕ್ಸ್‌ನತ್ತ ಹೊರಳತೊಡಗಿದ ಕಾಲವೂ ಅದೇ. ಕಾರ್ಡು ತಯಾರಕರಿಗೆ ಲಿನಕ್ಸ್‌ನ ಅಗತ್ಯ ಕಾಣತೊಡಗಿತು.

ಆಗ ಒಂದು ಪ್ರಾಯೋಗಿಕ ಪ್ರಶ್ನೆ ಎದ್ದಿತು. ಒಂದು ಆಟವನ್ನೋ ವಿನ್ಯಾಸದ ತಂತ್ರಾಂಶವನ್ನೋ ಬರೆದವನು ಅದು ಎಲ್ಲ ಲಿನಕ್ಸ್ ಯಂತ್ರಗಳಲ್ಲೂ ಓಡಬೇಕೆಂದು ಬಯಸುತ್ತಾನೆ. ಚಿತ್ರ ಬಿಡಿಸುವ ಲೈಬ್ರರಿ ಒಂದೊಂದು ಯಂತ್ರದಲ್ಲಿ ಒಂದೊಂದು ಕಡೆ, ಒಂದೊಂದು ಹೆಸರಿನಲ್ಲಿ ಇದ್ದರೆ ಅವನಿಗೆ ಸಿಗುವುದು ಹೇಗೆ? ಇದಕ್ಕೆ ಉತ್ತರವಾಗಿ 2000ದಲ್ಲಿ ಒಂದು ಒಡಂಬಡಿಕೆ ಸಿದ್ಧವಾಯಿತು. ಅದರ ಪ್ರಕಾರ ಎಲ್ಲ ಲಿನಕ್ಸ್ ಯಂತ್ರಗಳಲ್ಲೂ ಓಪನ್‌ಜಿಎಲ್ ಲೈಬ್ರರಿಗೆ 'ಲಿಬ್‌ಜಿಎಲ್' ಎಂಬ ಒಂದೇ ಹೆಸರು, ಇರಬೇಕಾದ ಜಾಗವೂ ಒಂದೇ. ತಂತ್ರಾಂಶ ಬರೆಯುವವರಿಗೆ ಇದರಿಂದ ಬಹಳ ಅನುಕೂಲವಾಯಿತು.

ಆದರೆ ಆ ಒಡಂಬಡಿಕೆಯೊಳಗೇ ತಕರಾರಿನ ಬೀಜವೂ ಇತ್ತು. ಆ ಹೆಸರಿನ ಲೈಬ್ರರಿಯನ್ನು ಮೆಸಾ ಒದಗಿಸುತ್ತಿತ್ತು. ಅದೇ 2000ದಲ್ಲಿ ಎನ್ವಿಡಿಯಾ ಲಿನಕ್ಸ್‌ಗೆ ತನ್ನ ಡ್ರೈವರನ್ನು ಬಿಡುಗಡೆ ಮಾಡಿತು. ಅದರೊಳಗೂ ಒಂದು ಲಿಬ್‌ಜಿಎಲ್ ಇತ್ತು. ಮೆಸಾದ್ದು ಎನ್ವಿಡಿಯಾ ಕಾರ್ಡಿನ ಪೂರ್ಣ ಶಕ್ತಿಯನ್ನು ಬಳಸಲಾರದು. ಎನ್ವಿಡಿಯಾದ್ದು ಬೇರೆ ಕಂಪನಿಗಳ ಕಾರ್ಡುಗಳೊಡನೆ ಕೆಲಸ ಮಾಡದು. ಹೆಸರು ಒಂದೇ, ಜಾಗ ಒಂದೇ, ವಾರಸುದಾರರು ಮಾತ್ರ ಇಬ್ಬರು. ಒಂದೇ ಒರೆಯಲ್ಲಿ ಎರಡು ಕತ್ತಿ ಇರಲಾರವು.

ಎನ್ವಿಡಿಯಾದ ಅನುಸ್ಥಾಪಕ ತಂತ್ರಾಂಶ ಇದನ್ನು ನೇರವಾಗಿಯೇ ಬಗೆಹರಿಸಿಕೊಂಡಿತು. ಮೆಸಾದ ಕಡತಗಳನ್ನು ಎತ್ತಿ ಪಕ್ಕಕ್ಕಿಟ್ಟು ಆ ಜಾಗದಲ್ಲಿ ತನ್ನ ಕಡತಗಳನ್ನು ಇಟ್ಟಿತು. ಇದು ವಿತರಣೆಯ ಪ್ಯಾಕೇಜ್ ದಾಖಲೆಗೆ ಗೊತ್ತಾಗಲೇ ಇಲ್ಲ. ದಾಖಲೆಯ ಪ್ರಕಾರ ಆ ಜಾಗ ಇನ್ನೂ ಮೆಸಾದ್ದೇ. ತಿಂಗಳೋ ಎರಡು ತಿಂಗಳೋ ಎಲ್ಲವೂ ಸುಗಮ. ಒಂದು ದಿನ ಮೆಸಾದ ಹೊಸ ಆವೃತ್ತಿ ಉಗ್ರಾಣಕ್ಕೆ ಬರುತ್ತದೆ. ಪ್ಯಾಕೇಜ್ ವ್ಯವಸ್ಥೆ ತನ್ನ ದಾಖಲೆಯನ್ನು ನಂಬಿ, ಆ ಜಾಗದಲ್ಲಿದ್ದುದನ್ನು ಅಳಿಸಿ ಮೆಸಾದ ಹೊಸ ಕಡತವನ್ನು ಇಡುತ್ತದೆ. ಈಗ ಎನ್ವಿಡಿಯಾದ ಅರ್ಧ ಭಾಗ ಒಂದು ಕಡೆ, ಮೆಸಾದ ಅರ್ಧ ಭಾಗ ಇನ್ನೊಂದು ಕಡೆ. ಮರುದಿನ ಪರದೆ ಕಪ್ಪಾಗುವುದು ಹೀಗೆ.

ತಪ್ಪು ಯಾರದು ಎಂದು ಕೇಳಿದರೆ ಉತ್ತರ ಸುಲಭವಲ್ಲ. ಒಡಂಬಡಿಕೆಯಂತೆ ಎನ್ವಿಡಿಯಾ ತನ್ನ ಲೈಬ್ರರಿಯನ್ನು ಆ ಹೆಸರಿನಲ್ಲೇ ಇಡಬೇಕಿತ್ತು. ದಾಖಲೆಯಂತೆ ವಿತರಣೆ ಮೆಸಾವನ್ನು ಅಲ್ಲಿಯೇ ಇಡಬೇಕಿತ್ತು. ಇಬ್ಬರೂ ನಿಯಮ ಪಾಲಿಸಿದರು. ನಷ್ಟವಾದದ್ದು ಮೂರನೆಯವನಿಗೆ.

ವಿತರಣೆಗಳು ಕೈಕಟ್ಟಿ ಕೂರಲಿಲ್ಲ. ಡೆಬಿಯನ್ ತನ್ನ ಪ್ಯಾಕೇಜ್ ವ್ಯವಸ್ಥೆಯಲ್ಲಿದ್ದ 'ಡೈವರ್ಟ್' ಎಂಬ ಸೌಲಭ್ಯವನ್ನು ಬಳಸಿತು. ಮೆಸಾದ ಕಡತ ಬಂದರೆ ಅದನ್ನು ಬೇರೆ ಜಾಗಕ್ಕೆ ಕಳುಹಿಸು ಎಂಬ ಆದೇಶ ಅದು. ಜೆಂಟೂ ಎಂಬ ವಿತರಣೆ ಎರಡನ್ನೂ ಇಟ್ಟುಕೊಂಡು ಬೇಕಾದುದನ್ನು ಆರಿಸಿಕೊಳ್ಳುವ ಒಂದು ಉಪಕರಣವನ್ನೇ ಮಾಡಿತು. ಉಬುಂಟು ಸಹ ಅಂಥದೇ ಕೊಂಡಿಗಳನ್ನು ಬಳಸಿತು. ಈ ಉಪಾಯಗಳು ಕೆಲಸ ಮಾಡಿದವು. ಆದರೆ ಪ್ರತಿಯೊಂದು ವಿತರಣೆಯದೂ ಒಂದೊಂದು ದಾರಿಯಾದ್ದರಿಂದ, ಒಂದರಲ್ಲಿ ಫಲಿಸಿದ ದುರಸ್ತಿ ಇನ್ನೊಂದರಲ್ಲಿ ಯಂತ್ರವನ್ನು ಮತ್ತಷ್ಟು ಕೆಡಿಸುತ್ತಿತ್ತು.

ಎರಡು ಗಡಿಯಾರಗಳು

ಹೆಸರಿನ ತಕರಾರಿನ ಜೊತೆಗೆ ಕಾಲದ ತಕರಾರೂ ಇತ್ತು.

ಲಿನಕ್ಸ್ ಕರ್ನಲ್ ಎರಡು ಬಗೆಯ ಮಾತು ಕೊಡುತ್ತದೆ. ಹೊರಗಿನಿಂದ ಅದನ್ನು ಬಳಸುವ ತಂತ್ರಾಂಶಗಳಿಗೆ ಅದು ನಿಷ್ಠ. ಹತ್ತು ವರ್ಷ ಹಳೆಯ ತಂತ್ರಾಂಶವೂ ಹೊಸ ಕರ್ನಲ್ ಮೇಲೆ ಓಡಬೇಕೆಂಬುದು ಟೋರ್ವಾಲ್ಡ್ಸ್ ಅವರ ಹಟ. ಆದರೆ ಕರ್ನಲ್ಲಿನ ಒಳಗೆ ಸೇರಿಕೊಳ್ಳುವ ಡ್ರೈವರುಗಳಿಗೆ ಇಂಥ ಯಾವ ಭರವಸೆಯೂ ಇಲ್ಲ. ಒಳಗಿನ ವ್ಯವಸ್ಥೆಯನ್ನು ಯಾವಾಗ ಬೇಕಾದರೂ ಬದಲಿಸುವ ಸ್ವಾತಂತ್ರ್ಯವನ್ನು ಕರ್ನಲ್ ತಂಡ ಉದ್ದೇಶಪೂರ್ವಕವಾಗಿಯೇ ಉಳಿಸಿಕೊಂಡಿದೆ. ಡ್ರೈವರಿನ ಸೋರ್ಸ್ ಕೋಡನ್ನು ಕರ್ನಲ್ಲಿಗೇ ಸೇರಿಸಿಬಿಡಿ, ಬದಲಾವಣೆಯಾದಾಗ ಅದನ್ನೂ ತಿದ್ದಿಕೊಳ್ಳುತ್ತೇವೆ ಎಂಬುದು ಅವರ ನಿಲುವು.

ಎನ್ವಿಡಿಯಾ ಇದಕ್ಕೆ ಒಪ್ಪಲಿಲ್ಲ. ವಿಂಡೋಸ್ ಮತ್ತು ಲಿನಕ್ಸ್ ಎರಡರ ಡ್ರೈವರುಗಳಲ್ಲೂ ಬಹುಪಾಲು ಒಂದೇ ಕೋಡ್ ಇದ್ದುದರಿಂದ ಅದು ಕಂಪನಿಯ ಆಸ್ತಿಯಾಗಿತ್ತು. ಹೀಗಾಗಿ ಅದು ನಡುದಾರಿ ಹಿಡಿಯಿತು. ಡ್ರೈವರಿನ ದೊಡ್ಡ ಭಾಗ ಯಾರೂ ಓದಲಾಗದ ಮುಚ್ಚಿದ ಕಡತ. ಅದರ ಸುತ್ತ ಓದಬಹುದಾದ ಒಂದು ತೆಳುವಾದ ಹೊದಿಕೆ. ಆ ಹೊದಿಕೆಯನ್ನು ಬಳಕೆದಾರನ ಯಂತ್ರದಲ್ಲೇ ಅವನ ಕರ್ನಲ್ಲಿಗೆ ಹೊಂದುವಂತೆ ಕಂಪೈಲ್ ಮಾಡಿ ಮುಚ್ಚಿದ ಭಾಗಕ್ಕೆ ಬೆಸೆಯಬೇಕು.

ಪರಿಣಾಮ ಊಹಿಸಬಹುದು. ಎರಡು ಮನೆಗಳಲ್ಲಿ ಎರಡು ಗಡಿಯಾರಗಳು. ಸುಮಾರು ಎರಡು ತಿಂಗಳಿಗೊಂದು ಹೊಸ ಕರ್ನಲ್ ಬರುತ್ತದೆ. ಎನ್ವಿಡಿಯಾ ಡ್ರೈವರಿನ ವೇಳಾಪಟ್ಟಿ ಬೇರೆ. ಹೊಸ ಕರ್ನಲ್ ಹಾಕಿದೊಡನೆ ಹಳೆಯ ಕರ್ನಲ್ಲಿಗೆ ಬೆಸೆದಿದ್ದ ಡ್ರೈವರ್ ನಿರುಪಯೋಗಿ. ಬಳಕೆದಾರ ಮತ್ತೆ ಕೈಯಾರೆ ಬೆಸೆಯಬೇಕು. ಅದೂ ಪರದೆಯಿಲ್ಲದ ಯಂತ್ರದಲ್ಲಿ.

ಈ ಗೋಳಿಗೆ ಒಂದು ಪರಿಹಾರ ಬಂದದ್ದು ಡೆಲ್ ಕಂಪನಿಯಿಂದ. ಅದರ ಎಂಜಿನಿಯರುಗಳು 2003ರ ಹೊತ್ತಿಗೆ ಡಿಕೆಎಂಎಸ್ ಎಂಬ ಉಪಕರಣವನ್ನು ರೂಪಿಸಿದರು. ಹೊಸ ಕರ್ನಲ್ ಬಂದೊಡನೆ ಹೊರಗಿನ ಡ್ರೈವರುಗಳನ್ನು ತಾನಾಗಿಯೇ ಮತ್ತೆ ಬೆಸೆಯುವುದು ಅದರ ಕೆಲಸ. ಇದಕ್ಕೆ ಆ ಕರ್ನಲ್ಲಿನ 'ಹೆಡರ್' ಕಡತಗಳ ಪ್ಯಾಕೇಜ್ ಯಂತ್ರದಲ್ಲಿರಬೇಕು. ಅದಿಲ್ಲದಿದ್ದರೆ ಬೆಸುಗೆ ನಡೆಯುವುದಿಲ್ಲ, ಮರುದಿನ ಪರದೆ ಕಪ್ಪು. ಇಂದಿಗೂ ಕಪ್ಪು ಪರದೆಯ ದೂರುಗಳ ಹಿಂದೆ ಆಗಾಗ ಕಾಣುವ ಕಾರಣಗಳಲ್ಲಿ ಇದೂ ಒಂದು.

2012ರಲ್ಲಿ ವಿಂಡೋಸ್ 8 ಬಂದ ಮೇಲೆ 'ಸೆಕ್ಯೂರ್ ಬೂಟ್' ಎಂಬ ಭದ್ರತಾ ವ್ಯವಸ್ಥೆ ಹೊಸ ಯಂತ್ರಗಳಲ್ಲಿ ಸಾಮಾನ್ಯವಾಯಿತು. ಅದು ಚಾಲೂ ಇದ್ದರೆ, ನಂಬಿಕಸ್ಥರ ಡಿಜಿಟಲ್ ಸಹಿಯಿಲ್ಲದ ಡ್ರೈವರನ್ನು ಅನೇಕ ವಿತರಣೆಗಳ ಕರ್ನಲ್ ಒಳಗೇ ಬಿಡುವುದಿಲ್ಲ. ಬಳಕೆದಾರನ ಯಂತ್ರದಲ್ಲಿ ಬೆಸೆದ ಡ್ರೈವರಿಗೆ ಸಹಿ ಹಾಕುವವರು ಯಾರು? ಅವನೇ ಒಂದು ಕೀಲಿ ಮಾಡಿಕೊಂಡು, ಯಂತ್ರ ಆರಂಭವಾಗುವಾಗ ಅದನ್ನು ನೋಂದಾಯಿಸಬೇಕು. ಆ ಹೊತ್ತಿಗೆ ಬರುವ ನೀಲಿ ಪರದೆಯನ್ನು ಅರ್ಥವಾಗದೆ ದಾಟಿಬಿಟ್ಟರೆ ಎಲ್ಲವೂ ಸರಿಯಾಗಿ ಅನುಸ್ಥಾಪನೆಯಾಗಿದ್ದರೂ ಡ್ರೈವರ್ ಮಾತ್ರ ಕೆಲಸ ಮಾಡದು.

ಮೂರನೆಯ ಹಕ್ಕುದಾರ

ಮುಚ್ಚಿದ ಡ್ರೈವರಿನ ಬಗ್ಗೆ ಅಸಮಾಧಾನಗೊಂಡ ಸ್ವಯಂಸೇವಕರು 2006ರಲ್ಲಿ ಇನ್ನೊಂದು ದಾರಿ ಹಿಡಿದರು. ಫ್ರಾನ್ಸ್‌ನ ಸ್ಟೆಫಾನ್ ಮಾರ್ಶೆಸಿನ್ ಮುಂದಾಳತ್ವದಲ್ಲಿ ನೂವೊ ಎಂಬ ಮುಕ್ತ ಡ್ರೈವರಿನ ಕೆಲಸ ಆರಂಭವಾಯಿತು. ಫ್ರೆಂಚ್‌ನಲ್ಲಿ ನೂವೊ ಎಂದರೆ ಹೊಸದು. ಕಾರ್ಡಿನ ಒಳಗುಟ್ಟು ಹೇಳುವವರಿಲ್ಲ. ಎನ್ವಿಡಿಯಾ ಡ್ರೈವರ್ ಕಾರ್ಡಿಗೆ ಯಾವ ಸಂಖ್ಯೆ ಕಳುಹಿಸಿತು, ಆಗ ಏನಾಯಿತು ಎಂದು ಕಾದು ನೋಡಿ, ಬರೆದಿಟ್ಟುಕೊಂಡು, ಲೆಕ್ಕ ಹಾಕಿ ಅರ್ಥ ಮಾಡಿಕೊಳ್ಳಬೇಕು. ಲಿಪಿ ಗೊತ್ತಿಲ್ಲದ ಶಾಸನವನ್ನು ಓದುವಷ್ಟೇ ತಾಳ್ಮೆಯ ಕೆಲಸ ಅದು.

2010ರ ಫೆಬ್ರುವರಿಯಲ್ಲಿ ಬಂದ ಕರ್ನಲ್ ಆವೃತ್ತಿಯೊಳಗೆ ನೂವೊ ಸೇರಿಕೊಂಡಿತು. ಯಂತ್ರ ಆರಂಭವಾದೊಡನೆ ಎನ್ವಿಡಿಯಾ ಕಾರ್ಡನ್ನು ಗುರುತಿಸಿ ತಾನೇ ಹಿಡಿದುಕೊಳ್ಳತೊಡಗಿತು. ಹೊಸಬರಿಗೆ ಇದು ವರವಾಯಿತು. ಏನೂ ಮಾಡದೆಯೇ ಪರದೆ ಬೆಳಗುತ್ತಿತ್ತು. ಆದರೆ ಒಂದು ಕಾರ್ಡನ್ನು ಒಂದು ಕಾಲಕ್ಕೆ ಒಂದೇ ಡ್ರೈವರ್ ನಡೆಸಬಹುದು. ನೂವೊ ಹಿಡಿದ ಕಾರ್ಡು ಎನ್ವಿಡಿಯಾ ಡ್ರೈವರಿನ ಕೈಗೆ ಸಿಗದು. ವೇಗ ಬೇಕಾದವರು ನೂವೊವನ್ನು ಕಪ್ಪುಪಟ್ಟಿಗೆ ಸೇರಿಸಬೇಕಾಯಿತು. ಮುಂದೆ ಎನ್ವಿಡಿಯಾವನ್ನು ತೆಗೆದುಹಾಕಿದಾಗ ಆ ಕಪ್ಪುಪಟ್ಟಿಯ ಸಾಲು ಹಾಗೆಯೇ ಉಳಿದು, ಕೊನೆಗೆ ಕಾರ್ಡಿಗೆ ಯಾವ ಡ್ರೈವರೂ ಇಲ್ಲದಂತಾದ ಪ್ರಸಂಗಗಳೂ ಉಂಟು.

ಅದೇ 2010ರಲ್ಲಿ ಆಪ್ಟಿಮಸ್ ಎಂಬ ತಂತ್ರದ ಲ್ಯಾಪ್‌ಟಾಪ್‌ಗಳು ಬಂದವು. ಬ್ಯಾಟರಿ ಉಳಿಸಲು ಇಂಟೆಲ್‌ನ ಚಿಕ್ಕ ಗ್ರಾಫಿಕ್ಸ್, ಭಾರೀ ಕೆಲಸಕ್ಕೆ ಎನ್ವಿಡಿಯಾ. ಇಂಟೆಲ್‌ಗೆ ಮೆಸಾದ ಲಿಬ್‌ಜಿಎಲ್ ಬೇಕು, ಎನ್ವಿಡಿಯಾಗೆ ತನ್ನದೇ ಬೇಕು. ಇಷ್ಟು ದಿನ ಇದು ಅಥವಾ ಅದು ಎಂದಿದ್ದ ತಕರಾರು ಈಗ ಎರಡೂ ಬೇಕು ಎಂಬ ಹಂತಕ್ಕೆ ಬಂತು. ಇದನ್ನು ನಿಭಾಯಿಸಲು ಸ್ವಯಂಸೇವಕರು ಬಂಬಲ್‌ಬೀ ಎಂಬ ಯೋಜನೆಯನ್ನು ಆರಂಭಿಸಿದರು. 2011ರಲ್ಲಿ ಅದರ ಅನುಸ್ಥಾಪನಾ ಕಡತದ ಒಂದು ಸಾಲಿನಲ್ಲಿ ಒಂದು ಖಾಲಿ ಜಾಗ ಅಕಸ್ಮಾತ್ ನುಸುಳಿತು. ಹಳೆಯ ಎನ್ವಿಡಿಯಾ ಕಡತಗಳಿದ್ದ ಒಂದು ಚಿಕ್ಕ ಫೋಲ್ಡರನ್ನು ಅಳಿಸು ಎನ್ನಬೇಕಿದ್ದ ಆ ಸಾಲು, ಆ ಖಾಲಿ ಜಾಗದಿಂದಾಗಿ 'ಯುಎಸ್ಆರ್' ಎಂಬ ಮೂಲ ಫೋಲ್ಡರನ್ನೇ ಅಳಿಸು ಎಂದು ಹೇಳಿತು. ಲಿನಕ್ಸ್‌ನ ಬಹುಪಾಲು ತಂತ್ರಾಂಶಗಳಿರುವುದು ಅದರೊಳಗೇ. ತಪ್ಪು ಬಹುಬೇಗ ಪತ್ತೆಯಾಗಿ ತಿದ್ದಲ್ಪಟ್ಟಿತಾದರೂ, ದಾಖಲೆಯನ್ನು ಬದಿಗಿಟ್ಟು ಕೈಯಾರೆ ಕಡತಗಳನ್ನು ಅಳಿಸುವುದು ಎಷ್ಟು ಅಪಾಯಕಾರಿ ಎಂಬುದಕ್ಕೆ ಅದು ನಿದರ್ಶನವಾಗಿ ಉಳಿದಿದೆ.

ಈ ಲ್ಯಾಪ್‌ಟಾಪ್‌ಗಳ ವಿಷಯವಾಗಿಯೇ 2012ರ ಜೂನ್‌ನಲ್ಲಿ ಫಿನ್ಲೆಂಡ್‌ನ ಆಲ್ಟೊ ವಿಶ್ವವಿದ್ಯಾಲಯದ ಸಂವಾದದಲ್ಲಿ ಸಭಿಕರೊಬ್ಬರು ಟೋರ್ವಾಲ್ಡ್ಸ್ ಅವರನ್ನು ಪ್ರಶ್ನಿಸಿದರು. ಅವರು ಕ್ಯಾಮೆರಾದತ್ತ ತಿರುಗಿ ನಡುಬೆರಳೆತ್ತಿ ಎನ್ವಿಡಿಯಾವನ್ನು ಬೈದರು. ಆ ಚಿತ್ರ ಜಗತ್ತಿನಾದ್ಯಂತ ಹರಡಿತು. ವರ್ತನೆ ಸರಿಯೋ ತಪ್ಪೋ ಎಂಬುದು ಬೇರೆ ಮಾತು. ಹನ್ನೆರಡು ವರ್ಷಗಳ ಜಗಳ ಎಷ್ಟು ಹದಗೆಟ್ಟಿತ್ತು ಎಂಬುದು ಅದರಿಂದ ಹೊರಜಗತ್ತಿಗೆ ತಿಳಿಯಿತು.

ಬೇರೆ ದಾರಿ ಇರಲಿಲ್ಲವೇ? ಇತ್ತು. ಎನ್ವಿಡಿಯಾದ ಪ್ರತಿಸ್ಪರ್ಧಿ ಎಟಿಐ ಕಂಪನಿಯದೂ ಮೊದಲು ಮುಚ್ಚಿದ ಡ್ರೈವರೇ, ಅದರದೂ ಇಂಥದೇ ಘರ್ಷಣೆಗಳು. 2006ರಲ್ಲಿ ಎಎಂಡಿ ಅದನ್ನು ಕೊಂಡುಕೊಂಡಿತು. 2007ರಲ್ಲಿ ತನ್ನ ಕಾರ್ಡುಗಳ ವಿವರಗಳನ್ನು ಮುಕ್ತ ತಂತ್ರಾಂಶದವರಿಗೆ ಕೊಡುವುದಾಗಿ ಪ್ರಕಟಿಸಿತು. 2015ರಲ್ಲಿ ಎಎಂಡಿಜಿಪಿಯು ಎಂಬ ಅದರ ಹೊಸ ಮುಕ್ತ ಡ್ರೈವರ್ ಕರ್ನಲ್ಲಿನೊಳಗೇ ಸೇರಿತು. 2016ರ ಉಬುಂಟು ಆವೃತ್ತಿಯಿಂದ ಹಳೆಯ ಮುಚ್ಚಿದ ಡ್ರೈವರನ್ನು ಕೈಬಿಡಲಾಯಿತು. ಇಂಟೆಲ್ ಸಹ ಮುಕ್ತ ಡ್ರೈವರಿನ ದಾರಿಯನ್ನೇ ಹಿಡಿದಿತ್ತು. ಈ ಎರಡು ಕಂಪನಿಗಳ ಕಾರ್ಡುಗಳು ಮೆಸಾದ ಸೂರಿನಡಿಯೇ ಇರುವುದರಿಂದ ಅವುಗಳ ನಡುವೆ ಹೆಸರಿನ ತಕರಾರಿಗೆ ಆಸ್ಪದವೇ ಇಲ್ಲವಾಯಿತು.

ದುರಸ್ತಿಯ ಕ್ರಮ

ಕಪ್ಪು ಪರದೆಯ ಮುಂದೆ ಕುಳಿತವನಿಗೆ ಮೊದಲು ತಿಳಿಯಬೇಕಾದದ್ದು ಯಂತ್ರ ಸತ್ತಿಲ್ಲ ಎಂಬುದು. ಸಾಮಾನ್ಯವಾಗಿ ಕಂಟ್ರೋಲ್, ಆಲ್ಟ್ ಮತ್ತು ಎಫ್3 ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಬರಿಯ ಅಕ್ಷರಗಳ ಪರದೆ ತೆರೆದುಕೊಳ್ಳುತ್ತದೆ. ಅದೂ ಬಾರದಿದ್ದರೆ, ಯಂತ್ರ ಆರಂಭವಾಗುವಾಗ ಬರುವ ಪಟ್ಟಿಯಲ್ಲಿ ಹಿಂದಿನ ಕರ್ನಲ್ಲನ್ನು ಆರಿಸಬಹುದು. ಹೆಚ್ಚಿನ ವಿತರಣೆಗಳು ಹಳೆಯದೊಂದನ್ನು ಉಳಿಸಿಯೇ ಇರುತ್ತವೆ. ಹಳೆಯ ಕರ್ನಲ್ಲಿನಲ್ಲಿ ಪರದೆ ಬಂದರೆ ಕಾರಣ ಅರ್ಧ ಸಿಕ್ಕಂತೆ. ಹೊಸ ಕರ್ನಲ್ಲಿಗೆ ಡ್ರೈವರ್ ಬೆಸೆದುಕೊಂಡಿಲ್ಲ ಎಂದರ್ಥ.

ಎರಡನೆಯದು ಕಾರ್ಡನ್ನು ಈಗ ಹಿಡಿದಿರುವವರು ಯಾರು ಎಂಬುದು. 'ಎಲ್ಎಸ್‌ಪಿಸಿಐ' ಎಂಬ ಆಜ್ಞೆಯನ್ನು ಕೆ ಎಂಬ ಸೂಚನೆಯೊಡನೆ ಕೊಟ್ಟರೆ, ಯಾವ ಕಾರ್ಡಿದೆ, ಅದನ್ನು ನೂವೊ ನಡೆಸುತ್ತಿದೆಯೋ ಎನ್ವಿಡಿಯಾವೋ ಎಂಬುದನ್ನು ಅದು ತಿಳಿಸುತ್ತದೆ. ಯಾರ ಹೆಸರೂ ಇಲ್ಲದಿದ್ದರೆ ಕಪ್ಪುಪಟ್ಟಿಯನ್ನೋ ಸೆಕ್ಯೂರ್ ಬೂಟನ್ನೋ ಅನುಮಾನಿಸಬೇಕು.

ಮೂರನೆಯದು ದಾಖಲೆಯ ಪರಿಶೀಲನೆ. ಪ್ಯಾಕೇಜ್ ಪಟ್ಟಿಯಲ್ಲಿ ಎನ್ವಿಡಿಯಾ ಹೆಸರಿನ ಎರಡು ಬೇರೆ ಆವೃತ್ತಿಗಳು ಬೆರೆತಿವೆಯೇ? ವಿತರಣೆಯ ಉಗ್ರಾಣದ ಜೊತೆಗೆ ಹೊರಗಿನ ಉಗ್ರಾಣವೂ ಸೇರಿದೆಯೇ? ಹಿಂದೆಂದೋ ಕಂಪನಿಯ ಅನುಸ್ಥಾಪಕವನ್ನು ನೇರವಾಗಿ ಓಡಿಸಲಾಗಿತ್ತೇ? ಕರ್ನಲ್ಲಿನ ಭಾಗ ಒಂದು ಆವೃತ್ತಿ, ಲೈಬ್ರರಿ ಇನ್ನೊಂದು ಆವೃತ್ತಿ ಎಂಬ ದೂರು ಬಂದರೆ ಗಾಬರಿ ಬೇಡ. ಪ್ಯಾಕೇಜ್ ಬದಲಾದ ಮೇಲೂ ನೆನಪಿನಲ್ಲಿ ಹಳೆಯ ಡ್ರೈವರೇ ಓಡುತ್ತಿದ್ದರೆ ಹೀಗಾಗುತ್ತದೆ. ಎಷ್ಟೋ ಬಾರಿ ಯಂತ್ರವನ್ನು ಒಮ್ಮೆ ಮರುಚಾಲನೆ ಮಾಡಿದರೆ ಸಾಕು.

ಕೊನೆಯದು ಇತ್ಯರ್ಥ. ಕಂಪನಿಯ ಅನುಸ್ಥಾಪಕ ಹಾಕಿದ ಕಡತಗಳನ್ನು ಅದರದೇ ತೆಗೆಯುವ ಸೌಲಭ್ಯದಿಂದ ತೆಗೆಯಬೇಕು, ಕೈಯಾರೆ ಅಳಿಸಬಾರದು. ನಂತರ ಎನ್ವಿಡಿಯಾದ ಎಲ್ಲ ಪ್ಯಾಕೇಜುಗಳನ್ನು ತೆಗೆದು, ಮೆಸಾವನ್ನು ಮರುಸ್ಥಾಪಿಸಿ, ಕರ್ನಲ್ ಹೆಡರ್ ಇರುವುದನ್ನು ಖಾತ್ರಿ ಮಾಡಿಕೊಂಡು, ಒಂದೇ ಉಗ್ರಾಣದಿಂದ ಕಾರ್ಡಿಗೆ ತಕ್ಕ ಒಂದೇ ಆವೃತ್ತಿಯನ್ನು ಹಾಕಬೇಕು. ಹೊಸ ಡ್ರೈವರುಗಳು ಹಳೆಯ ಕಾರ್ಡುಗಳನ್ನು ಕೈಬಿಡುವುದುಂಟು. ಹೊಸದೇ ಒಳ್ಳೆಯದು ಎಂಬ ಮಾತು ಇಲ್ಲಿ ಸಲ್ಲದು. ಇಷ್ಟು ಪ್ಯಾಕೇಜುಗಳನ್ನು ತೆಗೆಯುತ್ತೇನೆ ಎಂದು ಯಂತ್ರ ಪಟ್ಟಿ ತೋರಿಸಿದಾಗ ಅದನ್ನು ಪೂರ್ತಿ ಓದಿಯೇ ಹೂಂ ಎನ್ನಬೇಕು. ಆ ಪಟ್ಟಿಯಲ್ಲಿ ಇಡೀ ಡೆಸ್ಕ್‌ಟಾಪೇ ಸೇರಿಕೊಂಡಿರುವುದುಂಟು. ಈ ಎಲ್ಲ ಹಂತಗಳ ಹಿಂದಿನ ತತ್ವ ಒಂದೇ: ಒಂದು ಜಾಗಕ್ಕೆ ಒಬ್ಬನೇ ಖಾತೆದಾರ, ಅವನ ಹೆಸರು ದಾಖಲೆಯಲ್ಲಿರಬೇಕು.

ಬಾಗಿಲಲ್ಲಿ ಒಬ್ಬ ದ್ವಾರಪಾಲಕ

ಹೆಸರಿನ ತಕರಾರು ಕೊನೆಗೂ ಬಗೆಹರಿದದ್ದು ಯಾರೊಬ್ಬರ ಗೆಲುವಿನಿಂದಲೂ ಅಲ್ಲ. ಪರಿಹಾರ ಸೂಚಿಸಿದವರು ಎನ್ವಿಡಿಯಾದ ಎಂಜಿನಿಯರುಗಳೇ ಎಂಬುದು ಗಮನಾರ್ಹ. 2010ರ ದಶಕದ ಮೊದಲ ವರ್ಷಗಳಲ್ಲಿ ಅವರು ಗ್ರಾಫಿಕ್ಸ್ ಅಭಿವೃದ್ಧಿಕಾರರ ಸಮ್ಮೇಳನದಲ್ಲಿ ಹೊಸ ಒಡಂಬಡಿಕೆಯೊಂದನ್ನು ಮುಂದಿಟ್ಟರು. ಲಿಬ್‌ಜಿಎಲ್ ಎಂಬ ಹೆಸರು ಮೆಸಾದ್ದೂ ಅಲ್ಲ, ಎನ್ವಿಡಿಯಾದ್ದೂ ಅಲ್ಲ. ಆ ಹೆಸರಿನಲ್ಲಿ ಯಾರ ಪಕ್ಷಕ್ಕೂ ಸೇರದ ಒಂದು ಚಿಕ್ಕ ಲೈಬ್ರರಿ ಇರಲಿ. ಅದು ದ್ವಾರಪಾಲಕನಂತೆ ಬಾಗಿಲಲ್ಲಿ ನಿಂತು, ಬಂದವರು ಯಾವ ಕಾರ್ಡಿಗೆ ಹೋಗಬೇಕೆಂದು ವಿಚಾರಿಸಿ, ಮೆಸಾದ ಕಡೆಗೋ ಎನ್ವಿಡಿಯಾದ ಕಡೆಗೋ ಕಳುಹಿಸಲಿ. ಇಬ್ಬರೂ ತಮ್ಮ ತಮ್ಮ ಹೆಸರಿನಲ್ಲಿ ಒಳಗೆ ಇರಲಿ. ಜಿಎಲ್‌ವಿಎನ್‌ಡಿ ಎಂದು ಕರೆಯುವ ಈ ವ್ಯವಸ್ಥೆಯನ್ನು ಫೆಡೋರಾ 2016ರಲ್ಲಿ, ಉಬುಂಟು 2018ರಲ್ಲಿ ಅಳವಡಿಸಿಕೊಂಡವು. ಎರಡು ಲೈಬ್ರರಿಗಳು ಒಂದೇ ಯಂತ್ರದಲ್ಲಿ ಜಗಳವಿಲ್ಲದೆ ಇರುವುದು ಸಾಧ್ಯವಾಯಿತು.

ಎರಡು ಗಡಿಯಾರಗಳ ತೊಂದರೆಯೂ ಕರಗುತ್ತಿದೆ. 2022ರ ಮೇ ತಿಂಗಳಲ್ಲಿ ಎನ್ವಿಡಿಯಾ ತನ್ನ ಡ್ರೈವರಿನ ಕರ್ನಲ್ ಭಾಗದ ಸೋರ್ಸ್ ಕೋಡನ್ನು ಪ್ರಕಟಿಸಿತು. 2018ರ ನಂತರದ ಕಾರ್ಡುಗಳಿಗೆ ಮಾತ್ರ ಅನ್ವಯಿಸುವ ಈ ಕೋಡ್ ಇನ್ನೂ ಕರ್ನಲ್ಲಿನ ಹೊರಗೇ ಇದೆ. ಮೇಲ್ಭಾಗದ ಲೈಬ್ರರಿಗಳು ಮುಚ್ಚಿದಂತೆಯೇ ಇವೆ. ಆದರೂ 2000ದ ನಿಲುವಿಗೆ ಹೋಲಿಸಿದರೆ ಇದು ದೊಡ್ಡ ಹೆಜ್ಜೆ. ಇತ್ತ ಮೆಸಾದಲ್ಲಿ ಎನ್ವಿಡಿಯಾ ಕಾರ್ಡುಗಳಿಗೆಂದೇ ಎನ್‌ವಿಕೆ ಎಂಬ ಹೊಸ ಮುಕ್ತ ಡ್ರೈವರ್ ಬೆಳೆಯುತ್ತಿದೆ.

ಕಪ್ಪು ಪರದೆಗಳು ಇದರಿಂದ ಪೂರ್ತಿ ಇಲ್ಲವಾಗಿಲ್ಲ. ಹೆಡರ್ ಮರೆತವರು, ಎರಡು ಉಗ್ರಾಣ ಬೆರೆಸಿದವರು, ಹಳೆಯ ಕಾರ್ಡಿಗೆ ಹೊಸ ಡ್ರೈವರ್ ಹಾಕಿದವರು ಇನ್ನೂ ತೊಂದರೆಗೆ ಸಿಕ್ಕುತ್ತಾರೆ. ಆದರೆ 1980ರಲ್ಲಿ ಒಂದು ಪ್ರಿಂಟರಿನ ಮುಂದೆ ನಿಂತವರಿಗೆ ಇಲ್ಲದಿದ್ದ ಒಂದು ಅನುಕೂಲ ಇವರಿಗಿದೆ. ಯಾವ ಕಡತ ಎಲ್ಲಿಂದ ಬಂತು, ಯಾರಿಗೆ ಸೇರಿದ್ದು, ಯಾವಾಗ ಬದಲಾಯಿತು ಎಂಬುದನ್ನು ಯಂತ್ರವನ್ನೇ ಕೇಳಿ ತಿಳಿಯಬಹುದು. ಕೇಳುವ ತಾಳ್ಮೆಯಿದ್ದವರಿಗೆ ಉತ್ತರವನ್ನು ನಿರಾಕರಿಸುವವರು ಈಗ ಕಡಿಮೆಯಾಗುತ್ತಿದ್ದಾರೆ.